ಸಾಕು

ರಿಜಿಸ್ಟರಿನಲ್ಲಿ ಅವಳ ಊರು ಓದಿದೆ: ಊಲು.
ಊರು ಅನ್ನಲು ಹೋಗಿ ಕೂಸೊಂದು ತೊದಲಿದ ಹಾಗಿತ್ತು.
ಹೆಸರು ಕೈಸಾ. ವಯಸ್ಸು ಹದಿನಾರು. ದೇಶ ಫಿನ್‌ಲೆಂಡ್.
ಕಾರಣ ಎಂಬ ಕಾಲಮ್ಮಿನಲ್ಲಿ ನಸ್ರೀನ್ ಮೇಡಂ ಬರೆದಿದ್ದರು:
ಹನ್ನೊಂದು ತಿಂಗಳಿಂದ ಶಾಲೆಗೆ ಹೋಗಿಲ್ಲ.
ಪೆನ್ಸಿಲಿನಲ್ಲಿ ಬರೆದಿದ್ದರು. ಮುಂದೆ ಅಳಿಸಬಹುದಲ್ಲ.

ಕೊತ್ತನೂರಿನ ಈ ಹಾಸ್ಟೆಲಿಗೆ ಹೀಗೇ ಬರುತ್ತಾರೆ
ಎಲ್ಲೆಲ್ಲಿಯವೋ ಮಕ್ಕಳು, ಒಂದು ವರ್ಷದ ಮಟ್ಟಿಗೆ.
ಬೇರೆ ಬಿಸಿಲು, ಬೇರೆ ಮಾತು, ಬೇರೆ ಊಟ,
ಅದರಿಂದ ಒಳಗಿನ ಗಂಟು ಸಡಿಲವಾಗುತ್ತದಂತೆ.
ಇರಬಹುದು. ನಾನು ವಾರ್ಡನ್ ಮುನಿತಾಯಮ್ಮ.
ಹತ್ತನೇ ಕ್ಲಾಸು ಎರಡು ಸಲ ಫೇಲಾಗಿ
ಬಾಗಿಲು ಹಾಕಿಕೊಂಡು ಮಲಗಿದಾಗ
ನನ್ನನ್ನು ಯಾರೂ ವಿಮಾನ ಹತ್ತಿಸಲಿಲ್ಲ,
ಪೀಣ್ಯದ ಗಾರ್ಮೆಂಟ್ಸಿನ ವ್ಯಾನು ಹತ್ತಿಸಿದರು.
ಕಾಲರು ಹೊಲಿಯುತ್ತಾ ಹೊಲಿಯುತ್ತಾ ಸರಿಹೋದೆ,
ಇಲ್ಲವೇ, ಸರಿಹೋದವಳ ಹಾಗೆ ಕಾಣಲು ಕಲಿತೆ.

ಏಪ್ರಿಲ್ಲಿನ ಸೆಕೆಯಲ್ಲೂ ತುಂಬುತೋಳಿನ ಅಂಗಿ.
ನಾನು ಕೇಳಲಿಲ್ಲ.
ಒಗೆಯುವಾಗ ಆ ತೋಳುಗಳನ್ನು ಮಾತ್ರ
ಬ್ರಶ್ಶು ಬಿಟ್ಟು ಕೈಯಲ್ಲೇ ಉಜ್ಜಿದೆ.
ಲಂಡನ್ನಿನ ಪಂಜಾಬಿ ಹುಡುಗ ಗುರುನಿವಾಜ್
'ಕೈಸಾ, ಕೈಸಾ ಹೈ?' ಎಂದು ಕಿಸಕ್ಕನೆ ನಕ್ಕರೆ
ಗೋಡೆಯ ಹಲ್ಲಿ ನೋಡುತ್ತಾ ನಿಂತಿರುತ್ತಿದ್ದಳು.

ಮೊದಲು ಕಲಿತ ಕನ್ನಡ ಒಂದೇ ಪದ.
ತಟ್ಟೆಗೆ ಅಂಗೈ ಅಡ್ಡ ಹಿಡಿದು: ಸಾಕು.
ಅರ್ಧ ಮುದ್ದೆಗೆ ಸಾಕು. ಒಂದು ಸೌಟು ಸಾರಿಗೆ ಸಾಕು.
ಆಟಕ್ಕೆ ಕರೆದರೆ ಸಾಕು.
ಫೋನಿನ ಪರದೆಯಲ್ಲಿ ಅವಳಮ್ಮ
ಕಣ್ಣೊರೆಸಿಕೊಳ್ಳುತ್ತಿದ್ದರೂ
ಸಾಕು.
ನಾವು ಊಟಕ್ಕೆ ಹೇಳುವುದನ್ನು ಅವಳು ಎಲ್ಲಕ್ಕೂ ಹೇಳುತ್ತಿದ್ದಳು.
ಕೇಳಿದಾಗೆಲ್ಲ ನನ್ನ ಕೈಯಿಂದ ಏನೋ ಜಾರಿದಂತಾಗುತ್ತಿತ್ತು.

ರಾತ್ರಿ ಎರಡಕ್ಕೆ ಟ್ಯಾಂಕರು ನೀರು ಸುರಿಯುವಾಗ
ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ನಾನೂ, ಒಂದು ಮೆಟ್ಟಿಲು ಕೆಳಗೆ.
ಪೈಪಿನ ಸದ್ದು, ಬೇಕರಿ ಹಿಂದಿನ ನಾಯಿಗಳ ಜಗಳ.
ಮೇಡಂ ಹೇಳಿದ್ದರು: ಪಕ್ಕದಲ್ಲಿರಿ,
ರಿಪೇರಿ ಮಾಡಲು ಹೋಗಬೇಡಿ.

ಡಿಸೆಂಬರಿನಲ್ಲಿ ಮಾಗಡಿ ಅವರೆ ಬಂತು.
ಸೊಗಡು ಮೂರನೇ ಮಹಡಿ ಏರಿ ಅವಳನ್ನು ಕೆಳಗಿಳಿಸಿತು.
ನೆನೆಸಿದ ಕಾಳಿನ ಬೋಸಿ ನಡುವೆ ಇಟ್ಟು
ಹೆಬ್ಬೆರಳಲ್ಲಿ ಹಿತುಕುವುದು ತೋರಿಸಿದೆ.
ಅವಳ ಮೊದಲ ಬೇಳೆ ನನ್ನ ಕನ್ನಡಕಕ್ಕೆ ಬಡಿಯಿತು.
ಎರಡನೆಯದು ಗುರುನಿವಾಜನ ಕಿವಿಗೆ.
ಮೂರನೆಯದಕ್ಕೆ ನಕ್ಕಳು,
ತುಕ್ಕು ಹಿಡಿದ ಗೇಟು ತೆರೆದ ಹಾಗೆ.
ಒದ್ದೆಯಾಗುತ್ತದೆಂದು ತೋಳು ಮಡಿಚಿದಳು.
ಮರೆತು ಮಡಿಚಿದಳೋ, ನಂಬಿ ಮಡಿಚಿದಳೋ.
ನಾನು ಬೋಸಿಯನ್ನೇ ನೋಡುತ್ತಿದ್ದೆ.

'ಊಲು ಅಲ್ಲ,' ಅಂದಳು ಇದ್ದಕ್ಕಿದ್ದಂತೆ, 'ಓಉಲು.'
ಹತ್ತು ಸಲ ಹೇಳಿಸಿದಳು. ನನ್ನ ನಾಲಿಗೆ ಹೊರಳಲಿಲ್ಲ.
ಅಲ್ಲಿಗೆ ನಾನು ಮೂರನೇ ಸಲ ಫೇಲು.

ಕುಂಟು ನಾಯಿಮರಿಯೊಂದನ್ನು ಎತ್ತಿಕೊಂಡು ಬಂದ ಸಂಜೆ
ವಾಚ್‌ಮನ್ ಪಿಳ್ಳಪ್ಪ ಅಂದ: 'ಸಾಕಮ್ಮ, ಸಾಕು. ಒಳ್ಳೇದು.'
ಅವಳ ಹುಬ್ಬು ಗಂಟಾಯಿತು. ನಾಯಿ ಸಾಕೇ? ಬೇಡವೇ?
ನಾನು ಹೇಳಿದೆ, ಅದು ಬೇರೆ ಸಾಕು ಕಣೆ.
ಹಾಲು ಇಡು, ರಾತ್ರಿ ಎದ್ದು ನೋಡು,
ಕಚ್ಚಿದರೂ ಬಿಡಬೇಡ. ಅದಕ್ಕೂ ಸಾಕುವುದು ಅಂತಾರೆ.
'ಒಂದೇ ಪದವಾ?'
ಒಂದೇ.

ಈಗಲೂ ಕೆಲವು ರಾತ್ರಿ ಮೆಟ್ಟಿಲ ಮೇಲಿರುತ್ತಾಳೆ,
ಮಡಿಲಲ್ಲಿ ಮರಿ.
ಕಾಲಮ್ಮಿನ ಪೆನ್ಸಿಲನ್ನು ಮೇಡಂ ಇನ್ನೂ ಅಳಿಸಿಲ್ಲ.

ನಿನ್ನೆ ಅಡುಗೆಯವಳು ಬರಲಿಲ್ಲ. ಬಡಿಸಿದವಳು ಕೈಸಾ.
ಹಿತಕಿದ ಬೇಳೆ ಸಾರು, ಸ್ವಲ್ಪ ಉಪ್ಪು ಮುಂದು.
ನಾನು ತಟ್ಟೆಗೆ ಅಂಗೈ ಅಡ್ಡ ಹಿಡಿದು
ಸಾಕು ಅಂದೆ.
ಅವಳು ಸೌಟು ತಡೆಯಲೇ ಇಲ್ಲ,
ಎರಡನೇ ಅರ್ಥ ಹಿಡಿದುಕೊಂಡಳು.